ಹೇಳದೆ ಕೇಳದೆ ನೀಲಿ ಡ್ರಮ್ ಖಾಲಿ ಮಾಡಿದವರಿಗೆ

ಇವರಿಗೆ:
ಕಣ್ಣಿಗೆ ಕಾಣದಿದ್ದರೂ ಕೆಲಸದಿಂದಲೇ ಹೆಸರಾದ ಸೂಕ್ಷ್ಮಾಣು ಮಹನೀಯರು,
ನೀಲಿ ಡ್ರಮ್, ಮೀನಿನ ತೊಟ್ಟಿಯ ಎಡಬದಿ,
ನಮ್ಮ ಮನೆಯ ಹಿತ್ತಲು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿ ಪತ್ರ ಶುರು ಮಾಡುವುದು ವಾಡಿಕೆ. ಆದರೆ ತಾವು ಇದ್ದೀರೋ ಇಲ್ಲವೋ ಎಂಬುದೇ ಈ ಪತ್ರದ ವಿಷಯವಾಗಿರುವುದರಿಂದ ಆ ಸಾಲಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಖಾಸಗಿಯಾಗಿ ಹೇಳಬೇಕಾದುದನ್ನು ಹೀಗೆ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಲಕೋಟೆಯಲ್ಲಿಟ್ಟು ಡ್ರಮ್ಮಿನೊಳಗೆ ಹಾಕಿದರೆ ಶಾಯಿ ನೀರಿಗೆ ಬಿಟ್ಟು ಮೀನುಗಳಿಗೆ ಇನ್ನೊಂದು ತೊಂದರೆಯಾದೀತು ಎಂದು ನನ್ನ ಹೆಂಡತಿ ಎಚ್ಚರಿಸಿದ್ದಾಳೆ. ಇಲ್ಲಿಯವರೆಗೆ ನಾನು ಅವಕ್ಕೆ ಕೊಟ್ಟಿರುವ ತೊಂದರೆಯೇ ಸಾಕು ಎಂಬುದು ಅವಳ ಅಭಿಪ್ರಾಯ.

ಮೊದಲು ನನ್ನ ಪರಿಚಯ ಮಾಡಿಕೊಳ್ಳುವುದು ಮರ್ಯಾದೆ. ನಾನು ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮುಟ, ಬಟ್ಟೆಗಳನ್ನು ಕ್ರಿಮಿಮುಕ್ತ ಮಾಡುವ ಕೋಣೆಗೆ ಮೇಲ್ವಿಚಾರಕನಾಗಿದ್ದೆ. ಬಿಡಿಸಿ ಹೇಳಬೇಕೆಂದರೆ, ತಮ್ಮ ಬಂಧುಬಳಗವನ್ನು ದಿನಕ್ಕೆ ನಾಲ್ಕು ಸಲ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ನೂರಿಪ್ಪತ್ತೊಂದು ಡಿಗ್ರಿ ಹಬೆಯಲ್ಲಿ ಕೊಲ್ಲುವುದು, ಒಬ್ಬರೂ ಉಳಿದಿಲ್ಲವೆಂದು ಪುಸ್ತಕದಲ್ಲಿ ಸಹಿ ಹಾಕುವುದು ನನ್ನ ಉದ್ಯೋಗವಾಗಿತ್ತು. ಬೀಳ್ಕೊಡುಗೆಯ ದಿನ ಮುಖ್ಯ ವೈದ್ಯರು, ‘ಇವರು ಮುಟ್ಟಿದ ಜಾಗದಲ್ಲಿ ಕ್ರಿಮಿ ಬದುಕುವುದಿಲ್ಲ’ ಎಂದು ಭಾಷಣ ಮಾಡಿದ್ದರು. ಆ ಮಾತನ್ನು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೆ. ತಮ್ಮ ಸ್ನೇಹ ಬಯಸುವವನು ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ. ಚೌಕಟ್ಟನ್ನು ಈಗ ಬೀರುವಿನ ಹಿಂದೆ ಇಟ್ಟಿದ್ದೇನೆ.

ಇನ್ನು ದೂರಿನ ವಿಷಯ. ನಾಲ್ಕು ತಿಂಗಳ ಹಿಂದೆ ನನ್ನ ಅಕ್ಕ ನಮ್ಮ ಮನೆಗೆ ಬಂದಳು. ಭಾವ ತೀರಿಕೊಂಡ ಮೇಲೆ ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟು, ಮಂಚ, ಕಪಾಟುಗಳನ್ನು ಅವರಿವರಿಗೆ ಹಂಚಿ, ಒಂದು ಟ್ರಂಕು ಮತ್ತು ಮುಚ್ಚಳಕ್ಕೆ ತೂತು ಕೊರೆದ ಒಂದು ಬಕೆಟ್ ಹಿಡಿದು ಆಟೋದಿಂದ ಇಳಿದಳು. ಬಕೆಟ್ಟಿನಲ್ಲಿ ಭಾವ ಆರು ವರ್ಷ ಸಾಕಿದ ಏಳು ಕೆಂಪು ಮೀನುಗಳಿದ್ದವು. ಟ್ರಂಕನ್ನು ಎತ್ತಿಕೊಳ್ಳಲು ನನಗೆ ಬಿಟ್ಟಳು, ಬಕೆಟ್ಟನ್ನು ಬಿಡಲಿಲ್ಲ. ‘ಇವಕ್ಕೆ ಒಂದು ಜಾಗ ಮಾಡಿಕೊಡು ಕಣೋ, ನನಗೆ ಎಲ್ಲಾದರೂ ಆಗುತ್ತೆ’ ಎಂದಳು. ಅಕ್ಕ ನನ್ನಲ್ಲಿ ಏನನ್ನಾದರೂ ಕೇಳಿದ್ದು ಬುದ್ಧಿ ಬಂದಾಗಿನಿಂದ ಅದೇ ಮೊದಲು.

ಬರೀ ತೊಟ್ಟಿ ಕಟ್ಟಿದ್ದರೆ ಆಗುತ್ತಿತ್ತು. ಆದರೆ ನಿವೃತ್ತನಾದವನ ಬಳಿ ಸಮಯ ಇರುತ್ತದೆ, ಫೋನ್ ಇರುತ್ತದೆ, ಫೋನಿನಲ್ಲಿ ವಿಡಿಯೊಗಳಿರುತ್ತವೆ. ಮೀನಿನ ನೀರಲ್ಲೇ ಸೊಪ್ಪು ತರಕಾರಿ ಬೆಳೆಯುವ ವಿದ್ಯೆಯನ್ನು ನಾನು ಹನ್ನೊಂದು ವಿಡಿಯೊ ನೋಡಿ ಕಲಿತೆ. ಪಂಪು ತೊಟ್ಟಿಯ ನೀರನ್ನು ಡ್ರಮ್ಮಿಗೆ ತಳ್ಳಬೇಕು, ಅಲ್ಲಿ ನೀರು ಸುತ್ತು ತಿರುಗಿ ಮೀನಿನ ಹೊಲಸು ತಳಕ್ಕೆ ಕೂರಬೇಕು, ತಿಳಿನೀರು ಪ್ಲಾಸ್ಟಿಕ್ ಬಾಟಲಿ ಮುಚ್ಚಳಗಳ ರಾಶಿಯ ನಡುವೆ ಹಾದು ಮೇಲೇರಿ, ಜಲ್ಲಿ ತುಂಬಿದ ತಟ್ಟೆಯಲ್ಲಿ ನೆಟ್ಟ ಪುದೀನ, ಪಾಲಕ್, ಟೊಮೆಟೊ ಬೇರುಗಳನ್ನು ತೋಯಿಸಿ ತಿರುಗಿ ತೊಟ್ಟಿಗೆ ಬೀಳಬೇಕು. ವಿಡಿಯೊದಲ್ಲಿ ಒಬ್ಬ ಇದೆಲ್ಲವನ್ನೂ ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಕೈ ಒರೆಸಿಕೊಂಡ. ನನಗೆ ಇಪ್ಪತ್ತಾರು ದಿನ ಹಿಡಿಯಿತು. ಅಷ್ಟು ದಿನವೂ ಮೀನುಗಳು ಬಟ್ಟೆ ನೆನೆಸುವ ಟಬ್ಬಿನಲ್ಲಿ ಇದ್ದವು, ಬಟ್ಟೆಗಳು ಎಲ್ಲೆಂದರಲ್ಲಿ ಇದ್ದವು.

ಡ್ರಮ್ಮಿಗೆ ಕೊರೆದ ಮೊದಲ ತೂತು ಒಂದು ಗೇಣು ಮೇಲಕ್ಕೆ ಬಿತ್ತು. ಎರಡನೆಯದು ಸರಿಯಾದ ಎತ್ತರಕ್ಕೆ, ಆದರೆ ಪೈಪಿಗಿಂತ ದೊಡ್ಡದಾಗಿ ಬಿತ್ತು. ಸಂದಿಯಲ್ಲಿ ನೀರು ಸೋರುವುದನ್ನು ಹೇಗೆ ನಿಲ್ಲಿಸಿದೆ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ವಾರ ಅಡುಗೆಮನೆಯ ಕುಕ್ಕರಿನ ರಬ್ಬರ್ ಎಲ್ಲಿ ಹೋಯಿತು, ಅದು ಏಕೆ ಕೂಗಲಿಲ್ಲ ಎಂದು ನನ್ನ ಹೆಂಡತಿಗೆ ಈ ಪತ್ರ ಓದಿದ ಮೇಲಾದರೂ ತಿಳಿಯಲಿ. ಮುಚ್ಚಳಗಳನ್ನು ಸೋಡಾ ಅಂಗಡಿಯವನು ಮೂರು ಗೋಣಿ ಕೊಟ್ಟ. ‘ಇದನ್ನ ಏನ್ ಮಾಡ್ತೀರಿ ಸಾರ್’ ಎಂದ, ‘ಮನೆ’ ಎಂದೆ. ತಮಗೇ ಮನೆ ಮಾನ್ಯರೇ, ಮುಚ್ಚಳದ ಒಳಗೂ ಹೊರಗೂ ತಾವು ಅಂಟಿಕೊಂಡು ಬಾಳಲೆಂದು. ಆದರೂ ಹಳೆಯ ಅಭ್ಯಾಸ ನೋಡಿ, ತಮ್ಮನ್ನು ಕರೆಯುವ ಮೊದಲು ತಮ್ಮ ಜಾತಿಯವರು ಅದರಲ್ಲಿ ಇರಬಾರದೆಂದು ಅವನ್ನು ಕುದಿಸಿದೆ. ಪಾತ್ರೆಯ ನೀರು ಇಂಗಿದ್ದು ಗಮನಕ್ಕೆ ಬರದೆ ಸುಮಾರು ಮುನ್ನೂರು ಮುಚ್ಚಳ ಸೇರಿ ಒಂದೇ ಮುಚ್ಚಳವಾಯಿತು. ಅದು ಈಗ ನಮ್ಮ ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವ ಕೆಲಸದಲ್ಲಿದೆ. ಇಡೀ ಯೋಜನೆಯಲ್ಲಿ ಒಂದು ದಿನವೂ ತೊಂದರೆ ಕೊಡದ ಭಾಗ ಅದೊಂದೇ.

ಇಷ್ಟಾದ ಮೇಲೆ ತಾವು ಬಂದಿರಿ. ಯಾರೂ ಕರೆತರಲಿಲ್ಲ, ಅರ್ಜಿ ಹಾಕಲಿಲ್ಲ, ಸಂದರ್ಶನ ನಡೆಯಲಿಲ್ಲ. ಐದು ವಾರದಲ್ಲಿ ಮೆಲ್ಲನೆ ಬಂದು ಸೇರಿಕೊಂಡು, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ತಮ್ಮಲ್ಲಿ ಒಂದು ಪಾಳಿಯವರು ಇನ್ನೊಂದಾಗಿ ಬದಲಿಸಿ, ಎರಡನೆಯ ಪಾಳಿಯವರು ಅದನ್ನು ಗಿಡಕ್ಕೆ ಬೇಕಾದ ಗೊಬ್ಬರ ಮಾಡಿ ಕಳಿಸುತ್ತಿದ್ದಿರಿ. ರಜೆ ಇಲ್ಲ, ಹಾಜರಿ ಪುಸ್ತಕ ಇಲ್ಲ, ಚಹಾ ಸಮಯ ಇಲ್ಲ. ನಾನು ಕೆಲಸ ಮಾಡಿದ ಕಡೆ ಇಂಥವರು ಇಬ್ಬರಿದ್ದರೆ ನಾನು ಬಡ್ತಿಯನ್ನೇ ಕಾಣುತ್ತಿರಲಿಲ್ಲ. ಪಾಲಕ್ ಎಲೆ ಅಂಗೈಯಗಲ ಬೆಳೆಯಿತು. ಅಕ್ಕ ದಿನವೂ ಬೆಳಗ್ಗೆ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ‘ಇದು ನಿನಗೆ, ಇದು ನಿನಗೆ’ ಎನ್ನುತ್ತ ಏಳು ಚಿಟಿಕೆ ಆಹಾರ ಹಾಕುತ್ತಿದ್ದಳು. ಬಾಲದ ತುದಿ ಹರಿದ ಒಂದು ಮೀನಿಗೆ ಭಾವ ‘ಬಾಲಮುರುಕ’ ಎಂದು ಹೆಸರಿಟ್ಟಿದ್ದರಂತೆ. ಅದು ಮಾತ್ರ ಅವಳ ಬೆರಳ ತುದಿಯಿಂದಲೇ ಕಿತ್ತುಕೊಂಡು ತಿನ್ನುತ್ತಿತ್ತು.

ಹೀಗಿರುವಾಗ ತಾವು ಒಂದೇ ದಿನದಲ್ಲಿ, ಯಾವ ಪೂರ್ವಸೂಚನೆಯೂ ಇಲ್ಲದೆ, ಸಾರಾಸಗಟಾಗಿ ಡ್ರಮ್ ಖಾಲಿ ಮಾಡಿದ್ದು ಯಾವ ನ್ಯಾಯ ಎಂಬುದು ನನ್ನ ದೂರು.

ತಾವು ತಮ್ಮ ಕಡೆಯ ಮಾತು ಹೇಳುವ ಮೊದಲು ಆ ದಿನ ನಡೆದುದನ್ನು ನಾನೇ ದಾಖಲಿಸುವುದು ಒಳ್ಳೆಯದು. ಅಂದು ಭಾನುವಾರ. ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ಕೈಹಾಕಿದೆ. ಮುಚ್ಚಳಗಳ ಮೇಲೆಲ್ಲ ಕಂದು ಬಣ್ಣದ ಲೋಳೆ ಕೈಗೆ ಹತ್ತಿತು. ಅದು ತಾವು ಎಂದು ಹನ್ನೊಂದೂ ವಿಡಿಯೊಗಳು ಹೇಳಿದ್ದವು, ಆದರೆ ಮೂವತ್ತೊಂದು ವರ್ಷ ಅದಕ್ಕಿಂತ ಗಟ್ಟಿಯಾಗಿ ಮಾತಾಡಿತು. ಬಿಸಿನೀರು ಕಾಯಿಸಿದೆ. ಬ್ಲೀಚಿಂಗ್ ಪುಡಿ ಕಲಸಿದೆ. ಈರುಳ್ಳಿಯ ಬಲೆಚೀಲಗಳಲ್ಲಿ ತುಂಬಿದ್ದ ಮುಚ್ಚಳಗಳನ್ನು ಒಂದೂ ಬಿಡದೆ ಸುರಿದು, ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನಲ್ಲಿ ನೀರಲ್ಲಿ ಮೂರು ಸಲ ಜಾಲಿಸಿ, ಬಿಳಿ ಪಂಚೆಯ ಮೇಲೆ ಬಿಸಿಲಿಗೆ ಹರಡಿದೆ. ಡ್ರಮ್ಮಿನ ಒಳಮೈ ಕನ್ನಡಿಯಾಯಿತು. ಸಂಜೆ ಎಲ್ಲವನ್ನೂ ಜೋಡಿಸಿ, ಹೆಂಡತಿಯನ್ನೂ ಅಕ್ಕನನ್ನೂ ಕರೆದು ತೋರಿಸಿದೆ. ‘ನಮ್ಮನೆ ಒಂದು ಪಾತ್ರೇನೂ ಇಷ್ಟು ಚೆನ್ನಾಗಿ ತೊಳೆದವರಲ್ಲ ಬಿಡಿ ನೀವು’ ಎಂದು ಹೆಂಡತಿ ಮೆಚ್ಚಿದಳು. ಅಕ್ಕ ನನ್ನ ಬೆನ್ನು ತಟ್ಟಿದಳು. ಪುಸ್ತಕವಿದ್ದಿದ್ದರೆ ಸಹಿ ಹಾಕುತ್ತಿದ್ದೆ.

ಹೀಗೆ ತಮ್ಮ ನಿರ್ಗಮನದಲ್ಲಿ ನನ್ನ ಪಾತ್ರವೂ ಅಲ್ಪಸ್ವಲ್ಪ ಇದ್ದಿರಬಹುದು ಎಂಬುದನ್ನು ಒಪ್ಪುತ್ತೇನೆ. ಆದರೂ ತಾವು ಒಂದು ಮಾತು ಹೇಳಬಹುದಿತ್ತು.

ಮೂರನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ಹಸಿವಿರಬೇಕೆಂದು ನಾನು ಆಹಾರ ಹೆಚ್ಚು ಹಾಕಿದೆ, ಅಂದರೆ ವಿಷವನ್ನೂ ಹೆಚ್ಚಿಸಿದೆ. ಐದನೆಯ ದಿನ ಬಾಟಲಿಯಲ್ಲಿ ನೀರು ಹಿಡಿದು ಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ಗಾಜಿನ ಕೊಳವೆಗೆ ಆ ನೀರನ್ನು ಬಿಟ್ಟು ಎರಡು ಬಗೆಯ ಹನಿ ಹಾಕಿದ. ಅಮೋನಿಯಾ ಇಲ್ಲದಿದ್ದರೆ ಹಳದಿ ಇರಬೇಕಾದ ನೀರು ಕಡುಹಸಿರಾಯಿತು. ‘ಫಿಲ್ಟರ್ ಏನಾದ್ರೂ ತೊಳೆದ್ರಾ ಸಾರ್’ ಎಂದ. ‘ತುಂಬಾ ಚೆನ್ನಾಗಿ’ ಎಂದೆ. ಅವನು ಕೊಳವೆಯನ್ನು ತೊಳೆದಿಟ್ಟು, ‘ಅರ್ಧ ನೀರು ಈಗಲೇ ಬದಲಾಯಿಸಿ. ನಲ್ಲಿ ನೀರು ನೇರವಾಗಿ ಹಾಕಬೇಡಿ, ಒಂದು ದಿನ ಬಯಲಲ್ಲಿಟ್ಟಿದ್ದು ಹಾಕಿ’ ಎಂದ.

ಮರುದಿನ ಬೆಳಗ್ಗೆ ಬಾಲಮುರುಕ ಮಗ್ಗುಲಾಗಿ ತೇಲುತ್ತಿತ್ತು. ಅಕ್ಕ ಏಳುವ ಮೊದಲು ಅದನ್ನು ತೆಗೆದು ಬೇಲಿಯ ಬದಿಗೆ ಮಣ್ಣು ಮಾಡಿದೆ. ಅಕ್ಕ ಬಂದಾಗ, ‘ಏನೋ ನೀರಿನ ಬಣ್ಣ ಸರಿಯಿಲ್ಲ, ಒಂದೆರಡು ಪೈಪಿನ ಹಿಂದೆ ಅಡಗಿವೆ ಅನ್ಸುತ್ತೆ’ ಎಂದೆ. ಅಕ್ಕ ಕಟ್ಟೆಯ ಮೇಲೆ ಕುಳಿತು ನೀರನ್ನು ನೋಡಿದಳು. ನಂತರ ‘ಇದು ನಿನಗೆ’ ಎನ್ನುತ್ತ ಆರು ಚಿಟಿಕೆ ಹಾಕಿ, ಡಬ್ಬಿಯ ಮುಚ್ಚಳ ಮುಚ್ಚಿ ಎದ್ದು ಹೋದಳು. ಆಸ್ಪತ್ರೆಯಲ್ಲಿ ನನ್ನ ಮೇಲೆ ಎರಡು ಸಲ ವಿಚಾರಣೆ ನಡೆದಿದೆ. ಎರಡರಲ್ಲೂ ನನಗೆ ಇಷ್ಟು ಕಷ್ಟವಾಗಿರಲಿಲ್ಲ.

ಆದ್ದರಿಂದ ನನ್ನ ಮನವಿ. ಮುಂದೆ ತಾವು ಹೊರಡುವುದಾದರೆ ಕನಿಷ್ಠ ಒಂದು ತಿಂಗಳ ಮೊದಲು ಲಿಖಿತವಾಗಿ ತಿಳಿಸಿ ಡ್ರಮ್ಮಿನ ಹೊರಮೈಗೆ ಅಂಟಿಸಬೇಕು. ದಿನವೂ ಬೆಳಗ್ಗೆ ತಮ್ಮ ಪ್ರತಿನಿಧಿಯೊಬ್ಬರು ನೀರಿನ ಮೇಲೆ ಬಂದು ಹಾಜರಿ ಹೇಳಬೇಕು. ಬ್ಲೀಚಿಂಗ್ ಪುಡಿ ಹಿಡಿದು ನಾನು ಹಿತ್ತಲಿಗೆ ಬರುವುದು ಕಂಡರೆ ತಾವೆಲ್ಲರೂ ಸೇರಿ ಒಕ್ಕೊರಲಿನಿಂದ ಕೂಗಬೇಕು. ಸಾಧ್ಯವಾದರೆ ತಮ್ಮಲ್ಲಿ ಒಬ್ಬರು ಕಣ್ಣಿಗೆ ಕಾಣುವಷ್ಟು ದೊಡ್ಡವರಾಗಿ, ಅಕ್ಕನ ಎದುರಿಗೆ ಹೋಗಿ, ತಪ್ಪು ಅವನದಲ್ಲ ತಾಯಿ, ನಮಗೇ ಬೇರೆ ಕಡೆ ತುರ್ತು ಕೆಲಸವಿತ್ತು ಎಂದು ಹೇಳಬೇಕು. ಈ ಕೊನೆಯ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಅಕ್ಕ ನಂಬುವುದಿಲ್ಲ. ನನ್ನನ್ನು ಎತ್ತಿ ಆಡಿಸಿದವಳು ಅವಳು.

ತಾವು ತಾವಾಗಿ ಬರಲು ಇನ್ನೊಂದು ಐದು ವಾರ ಬೇಕು, ಅಷ್ಟು ದಿನ ಆ ಆರು ಮೀನು ತಡೆಯುವುದಿಲ್ಲ, ಹಳೆಯ ತೊಟ್ಟಿಯೊಂದರಿಂದ ತಮ್ಮವರು ನೆಲೆಸಿರುವ ಕೊಳಕು ಸ್ಪಂಜು ತಂದು ಹಾಕಿದರೆ ಮಾತ್ರ ಬೇಗ ದಾರಿಗೆ ಬರುತ್ತದೆ ಎಂದು ಮೀನಿನಂಗಡಿಯವನು ಫೋನಿನಲ್ಲಿ ಹೇಳಿದ. ಅವನ ಅಂಗಡಿಯ ತೊಟ್ಟಿಗಳೆಲ್ಲ ಆಗಷ್ಟೇ ಹೊಸದಾಗಿ ಕೂಡಿಸಿದ್ದವು. ನಮ್ಮ ಬೀದಿಯಲ್ಲಿ ಹಳೆಯ ತೊಟ್ಟಿ ಇರುವುದು ಒಂದೇ ಕಡೆ. ಅದು ನಾನು ಹದಿನೈದು ವರ್ಷದಿಂದ ಕೂದಲು ಕತ್ತರಿಸಿಕೊಳ್ಳುವ ಕ್ಷೌರದಂಗಡಿ. ಅಲ್ಲಿ ಕನ್ನಡಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಎರಡು ಮೀನುಗಳಿವೆ, ಮೂಲೆಯಲ್ಲಿ ಒಂದು ಕಪ್ಪು ಸ್ಪಂಜಿದೆ. ಅದು ಮೊದಲು ನೀಲಿ ಬಣ್ಣದ್ದಾಗಿತ್ತಂತೆ. ಹೋದಾಗಲೆಲ್ಲ, ಕತ್ತಿನ ಸುತ್ತ ಬಟ್ಟೆ ಕಟ್ಟಿಸಿಕೊಂಡು ಕುಳಿತಲ್ಲಿಂದಲೇ, ಸ್ವಚ್ಛತೆಯ ಬಗ್ಗೆ ನಾನು ಆ ಕ್ಷೌರಿಕನಿಗೆ ಪಾಠ ಮಾಡಿದ್ದೇನೆ. ಒಮ್ಮೆ ಒಂದು ಕರಪತ್ರವನ್ನೂ ಕೊಟ್ಟಿದ್ದೆ.

ಮೂರು ಜನ ಗಿರಾಕಿಗಳ ಮುಂದೆ ನಿಂತು, ‘ನಿಮ್ಮ ಸ್ಪಂಜಲ್ಲಿ ಸ್ವಲ್ಪ ಕೊಡ್ತೀರಾ’ ಎಂದು ಕೇಳಿದೆ. ಅವನು ಕತ್ತರಿ ನಿಲ್ಲಿಸಿ, ‘ಅದನ್ನ ಕಿತ್ತು ಬಿಸಾಕು ಅಂದಿದ್ದು ನೀವೇ ಅಲ್ವಾ ಸಾರ್’ ಎಂದ. ಹೌದೆಂದೆ. ‘ರೋಗದ ಮನೆ ಅಂದಿದ್ರಿ.’ ಅದಕ್ಕೂ ಹೌದೆಂದೆ. ಕಾಯುತ್ತಿದ್ದ ಗಿರಾಕಿಯೊಬ್ಬರು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಳಿಸಿದರು. ಏಕೆ ಬೇಕು ಎಂದು ಅವನು ಕೇಳಿದಾಗ ಅಕ್ಕನ ಆರು ಮೀನುಗಳ ವಿಷಯ ಹೇಳಿದೆ, ಏಳನೆಯದನ್ನೂ ಹೇಳಿದೆ. ಅವನು ಮತ್ತೆ ಕೆಣಕಲಿಲ್ಲ. ತೋಳು ಮಡಚಿ, ಸ್ಪಂಜನ್ನು ಎತ್ತಿ, ತಲೆಕೂದಲಿನ ಕತ್ತರಿಯಿಂದಲೇ ಸರಿಯಾಗಿ ಅರ್ಧ ಕತ್ತರಿಸಿ, ಅದೇ ತೊಟ್ಟಿಯ ನೀರಿನೊಡನೆ ಕವರಿನಲ್ಲಿ ಕಟ್ಟಿಕೊಟ್ಟು, ‘ದಾರೀಲಿ ತೊಳೀಬೇಡಿ ಮತ್ತೆ’ ಎಂದ.

ಆ ಕವರನ್ನು ನಾನು ಎರಡೂ ಕೈಯಲ್ಲಿ ಹಿಡಿದು, ಬಿಸಿಲು ತಾಗದಂತೆ ಗೋಡೆಯ ನೆರಳಿನಲ್ಲಿ ನಡೆದು ಮನೆಗೆ ತಂದೆ. ಆಪರೇಷನ್ ಕೋಣೆಗೆ ಕತ್ತರಿಗಳ ಟ್ರೇ ಒಯ್ಯುವಾಗಲೂ ಇಷ್ಟು ಎಚ್ಚರದಿಂದ ನಡೆದವನಲ್ಲ. ಸ್ಪಂಜನ್ನು ಡ್ರಮ್ಮಿನಲ್ಲಿ ಹಿಂಡಿದಾಗ ಬಂದ ಕಪ್ಪುನೀರು ಕಂಡು ನನ್ನ ಕೈ ತಾನಾಗಿ ಸೋಪಿನತ್ತ ಹೋಯಿತು. ಹೆಂಡತಿ ಸೋಪಿನ ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟಳು. ಅಂದಿನಿಂದ ಹತ್ತೊಂಬತ್ತು ದಿನ, ದಿನಕ್ಕೆ ಎಂಟು ಬಕೆಟ್ ಬಿಸಿಲಿಗಿಟ್ಟ ನೀರು ಬದಲಾಯಿಸುತ್ತ, ಮೀನಿನಂಗಡಿಯಿಂದ ಕೊಂಡು ತಂದ ಹನಿ ಹಾಕಿ ದಿನಕ್ಕೊಮ್ಮೆ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತ, ತಮ್ಮ ದಾರಿ ಕಾಯುತ್ತಿದ್ದೇನೆ. ಕಡುಹಸಿರು ತಿಳಿಹಸಿರಾಗಿದೆ. ಆರೂ ಮೀನುಗಳು ಇವತ್ತಿನವರೆಗೆ ಇವೆ. ದಯವಿಟ್ಟು ಬಂದು ಸೇರಿಕೊಳ್ಳಿ. ತಮಗೆ ಬೇಕಾದಷ್ಟು ಲೋಳೆಯಾಗಿ, ತಮಗೆ ಬೇಕಾದ ಬಣ್ಣದಲ್ಲಿ, ತಮಗೆ ತೋಚಿದ ವಾಸನೆಯೊಂದಿಗೆ ಇರಿ. ನಾನು ಮುಟ್ಟುವುದಿಲ್ಲ.

ಇಂತಿ, ಮೂವತ್ತೊಂದು ವರ್ಷದ ಹಗೆಯನ್ನು ಒಂದು ಸ್ಪಂಜಿನ ಮುಂದೆ ಕೆಳಗಿಟ್ಟ,

ತಮ್ಮ ವಿಶ್ವಾಸಿ,
ನಿವೃತ್ತ ಮೇಲ್ವಿಚಾರಕ, ಹಾಲಿ ಬಕೆಟ್ ಹೊರುವವನು

ಮರೆತ ಮಾತು: ಪತ್ರವನ್ನು ಕಳಿಸುವ ಮೊದಲು ಇಂದು ಬೆಳಗ್ಗೆ ಕೊನೆಯದಾಗಿ ಪರೀಕ್ಷೆ ಮಾಡಿದೆ. ಕೊಳವೆಯ ನೀರು ಹಳದಿ. ಹಾಗಾದರೆ ತಾವು ಬಂದಿದ್ದೀರಿ, ಎಂದಿನಂತೆ ನನಗೆ ಹೇಳದೆ. ಖಚಿತಪಡಿಸಿಕೊಳ್ಳಲು ಡ್ರಮ್ಮಿನ ಮುಚ್ಚಳ ತೆಗೆಯಲು ಹೋದರೆ ಅದಕ್ಕೆ ಸಣ್ಣದೊಂದು ಬೀಗ ಬಿದ್ದಿದೆ. ಕೀಲಿ ಅಕ್ಕನ ಸೆರಗಿನ ಗಂಟಿನಲ್ಲಿತ್ತು. ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು ಕೇಳಿದೆ. ಅಕ್ಕ ನನ್ನ ಎರಡೂ ಕೈಗಳನ್ನು ಹಿಡಿದು, ಉಗುರಿನಿಂದ ಮಣಿಕಟ್ಟಿನವರೆಗೆ ತಿರುಗಿಸಿ ನೋಡಿ, ‘ಬಾಲಮುರುಕನ ಮೇಲೆ ಒಂದು ಪುದೀನ ಕಡ್ಡಿ ನೆಡು. ಡ್ರಮ್ಮಿನ ಹತ್ತಿರ ಮಾತ್ರ ಬರಬೇಡ, ನಿನ್ನ ಕೈ ಇನ್ನೂ ತುಂಬಾ ಕ್ಲೀನಾಗಿದೆ ಕಣೋ’ ಎಂದಳು.