ಈ ವಾಸನೆ ನಮ್ಮ ಮನೆಯದಲ್ಲ

"ನೀನು ಮಿಷನ್ ರಿಪೇರಿ ಮಾಡುವ ದಿನ ನಾನು ನನ್ನ ಬಟ್ಟೆ ಕಲ್ಲಿನ ಮೇಲೆ ಕುಕ್ಕಿ ಒಗೀತೆ, ಹೋಗು" ಎಂದು ಹೊನ್ನಾವರದ ಅಂಗಡಿ ಸಾವ್ಕಾರರು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಗ ನಾನು ಅವರ ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದೆ. ಅದಕ್ಕೂ ಮೊದಲು ಆರು ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವರ ಅಂಗಡಿಯಿಂದಲೇ ಒಂದೊಂದಾಗಿ ವಾಷಿಂಗ್ ಮಿಷನ್ ಹೋಗಿ ಆ ಆರೂ ಮನೆಗಳಿಂದ ನನ್ನನ್ನು ಹೊರಗೆ ಹಾಕಿದವು. ನನ್ನ ಕೆಲಸ ಕಿತ್ತುಕೊಂಡದ್ದರ ಹೊಟ್ಟೆಯೊಳಗೆ ಎಂತ ಇದೆ ಎಂದು ನೋಡದೆ ಬಿಡಬಾರದು ಎಂಬ ಹಟ ನನಗೆ.

ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮಿಷನ್ನಿನ ಜೊತೆ ಬರುವ ಪುಸ್ತಕದಲ್ಲಿ ಕನ್ನಡದ ಪುಟಗಳೂ ಇರುತ್ತವೆ. ಕೊಂಡವರು ಅದನ್ನು ಬಿಚ್ಚದೆ ಅಂಗಡಿಯಲ್ಲೇ ಬಿಟ್ಟುಹೋಗುತ್ತಿದ್ದರು. ಕಸದ ಜೊತೆ ಅದನ್ನೂ ಗುಡಿಸಿ ಮನೆಗೆ ತಂದೆ. ಬಸ್ಸಿನ ಬೋರ್ಡು ನೋಡಿ ಕಲಿತ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಒಂದು ಮಳೆಗಾಲ ಪೂರ್ತಿ ಓದಿದೆ. ಓದಿ ಮುಗಿದ ಮೇಲೆ ಸಾವ್ಕಾರರ ಹತ್ತಿರ ಹೋಗಿ, ನನಗೂ ಕೆಲಸ ಕಲಿಸಿ ಎಂದೆ. ಆಗ ಅವರು ಹೇಳಿದ ಮಾತೇ ಮೇಲಿನದು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಪೊರಕೆಯನ್ನು ಮೂಲೆಗೆ ಒರಗಿಸಿ ಹೊರಗೆ ಬಂದೆ. ಈ ಮನುಷ್ಯ ಒಂದು ದಿನ ತಾನಾಡಿದ್ದನ್ನು ತಾನೇ ನುಂಗಬೇಕು, ಅದನ್ನು ನಾನು ಎದುರು ನಿಂತು ನೋಡಬೇಕು ಎಂದು ಅಂದೇ ಮನಸ್ಸಿನಲ್ಲಿ ಬರೆದುಕೊಂಡೆ.

ಈಗ ಭಟ್ಕಳದಿಂದ ಕುಮಟಾದವರೆಗೆ ಯಾರ ಮನೆಯ ಮಿಷನ್ ಗಬ್ಬು ಹೊಡೆದರೂ ನನಗೆ ಫೋನ್ ಬರುತ್ತದೆ. ಹೋದಲ್ಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಂಥ ವಾಸನೆ, ಹೇಳಿ." ಉತ್ತರವೂ ಹೆಚ್ಚುಕಡಿಮೆ ಒಂದೇ: "ಎಂಥದೋ ಏನೋ, ನಮ್ಮ ಮನೆಯದಂತೂ ಅಲ್ಲ." ಇಷ್ಟು ವರ್ಷಗಳಲ್ಲಿ ತಮ್ಮ ಮನೆಯ ವಾಸನೆಯನ್ನು ತಮ್ಮದೆಂದು ಒಪ್ಪಿದ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ. ಅದಕ್ಕೇ ಇಂಥವು ಮತ್ತೆ ಮತ್ತೆ ನಡೆಯುತ್ತವೆ, ನನ್ನ ಪಿತ್ತ ಮತ್ತೆ ಮತ್ತೆ ಕೆದರುತ್ತದೆ.

ಕವರು

ಅಪ್ಸರಕೊಂಡಕ್ಕೆ ಹೋಗುವ ದಾರಿಯಲ್ಲಿ ಶಾಲೆಯಿಂದ ನಿವೃತ್ತರಾದ ಅಕ್ಕೋರು ಒಬ್ಬರ ಮನೆ. ಬಾಗಿಲು ತೆಗೆದವರು ನನ್ನ ಹೆಗಲಾಚೆ ಕತ್ತು ಚಾಚಿ ನೋಡಿದರು. ಮೆಕ್ಯಾನಿಕ್ ಹಿಂದಿನಿಂದ ಬರುತ್ತಾನಾ ಎಂದು ಕೇಳಿದರು. ನಾನೇ ಎಂದೆ. ಹಾಗಾದರೆ ಹಿತ್ತಲ ಬಾಗಿಲಿಂದ ಬಾ ಎಂದರು. ನಾನು ಮುಂದಿನ ಮೆಟ್ಟಿಲ ಮೇಲೆ ಸಾಮಾನಿನ ಚೀಲ ಇಟ್ಟು ಕೂತುಬಿಟ್ಟೆ. ದಾರಿಯಲ್ಲಿ ಹೋಗುವವರೆಲ್ಲ ನೋಡಲು ಶುರುಮಾಡಿದ ಮೇಲೆ ಮುಂಬಾಗಿಲೇ ತೆರೆಯಿತು.

ಒಳಗೆ ಹೋದರೆ ಮಿಷನ್ ಎಲ್ಲಿದೆ ಎಂದೇ ಕಾಣಲಿಲ್ಲ. ನೆರಿಗೆ ಹಾಕಿ ಹೊಲಿದ ಹೂವಿನ ಕವರು, ಅದರ ಮೇಲೆ ಆಯುಧಪೂಜೆಯ ಕುಂಕುಮ, ಒಣಗಿದ ದಾಸವಾಳ. ಎಂಥ ವಾಸನೆ ಎಂದರೆ, ಮಳೆಗಾಲದ ಕೊಡೆಯನ್ನು ದೀಪಾವಳಿಗೆ ಬಿಚ್ಚಿದ ಹಾಗೆ ಎಂದರು, ಬಾವಿ ನೀರಿನದ್ದೇ ಇರಬೇಕು ಎಂದೂ ಸೇರಿಸಿದರು. ಬಾವಿಯ ತಪ್ಪು ಎಂತದೂ ಇರಲಿಲ್ಲ. ಒಗೆದ ಕೂಡಲೇ ಒದ್ದೆ ಡ್ರಮ್ಮಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕವರು. ಗಾಳಿ ಹೋಗಲು ಒಂದು ಎಳ್ಳು ಕಾಳಿನಷ್ಟು ಸಂದಿಲ್ಲ. ಎರಡು ತಾಸು ತಿಕ್ಕಿ ತೊಳೆದೆ. ಇನ್ನು ಮೇಲೆ ಒಗೆದಾದ ಮೇಲೆ ಮುಚ್ಚಳ ತೆರೆದೇ ಇಡಬೇಕು ಎಂದು ಮೂರು ಸಲ ಹೇಳಿದೆ, ಅವರು ಮಕ್ಕಳಿಂದ ಹೇಳಿಸುತ್ತಿದ್ದಂತೆ ಅವರಿಂದಲೇ ಒಮ್ಮೆ ಹೇಳಿಸಿದೆ.

ತಿಂಗಳು ಕಳೆಯುವುದರೊಳಗೆ ಫೋನು. ವಾಸನೆ ತಿರುಗಿ ಬಂದಿದೆ, ನಿನ್ನ ಕೆಲಸ ಸರಿಯಿಲ್ಲ ಎಂದು. ಹೋಗಿ ನೋಡುತ್ತೇನೆ: ಮುಚ್ಚಳ ನೆಟ್ಟಗೆ ಆಕಾಶ ನೋಡುತ್ತಿದೆ, ಅದರ ತುದಿಯಿಂದ ನೆಲದವರೆಗೆ ಹೊಸ ಕವರು ಇಳಿಬಿದ್ದಿದೆ. ಮೊದಲಿಗಿಂತ ಒಂದೂವರೆ ಮೊಳ ಉದ್ದದ್ದು.

"ನೀ ಹೇಳಿದ ಹಾಗೆ ತೆರೆದೇ ಇಟ್ಟಿದ್ದೇನೆ, ನೋಡು" ಎಂದರು ಅಕ್ಕೋರು. "ಕವರು ಮಾತ್ರ ಬೇರೆ ಅಳತೆ ಕೊಟ್ಟು ಹೊಲಿಸಬೇಕಾಯ್ತು."

ಖಾಲಿ

ಭಟ್ಕಳದ ಒಂದು ಮನೆಯಿಂದ ಸೊಸೆ ಫೋನ್ ಮಾಡಿದಳು. ಎಂಥ ವಾಸನೆ ಎಂದರೆ, ಮೀನು ಪೇಟೆ ಮುಚ್ಚಿದ ಮೇಲೆ ಹಲಗೆಯಿಂದ ಬರುತ್ತದಲ್ಲ ಅದು ಎಂದಳು. ಸೋಪಿನ ಪುಡಿ ಹೆಚ್ಚು ಸುರಿದು ಒಳಗೆ ಲೋಳೆ ಕಟ್ಟಿದೆ ಎಂದು ಗೊತ್ತಾಯಿತು. ಡ್ರಮ್ ತೊಳೆಯುವ ಪುಡಿ ಹಾಕಿ, ಎಲ್ಲಕ್ಕಿಂತ ಬಿಸಿ ನೀರಿಗೆ ಇಟ್ಟು, ಬಟ್ಟೆ ಹಾಕದೆ ಖಾಲಿ ಓಡಿಸು ಎಂದೆ. ಓಡಿಸಿದಳು. ವಾಸನೆ ಹೆಚ್ಚಾಯಿತು. ಮತ್ತೆ ಓಡಿಸು ಎಂದೆ. ಮತ್ತೂ ಹೆಚ್ಚಾಯಿತು. ಖಾಲಿಯೇ ಓಡಿಸಿದ್ದು ಎಂದು ಹುಡುಗಿ ಅಳುವಂತಾದಳು. ನನ್ನ ಮಾತು ಕೇಳಿ ವಾಸನೆ ಹೆಚ್ಚಾದ ಮನೆ ಭಟ್ಕಳದಲ್ಲಿ ಒಂದಿದೆ ಎಂದರೆ ನಾಳೆ ನನ್ನನ್ನು ಯಾರು ಕರೆಯುತ್ತಾರೆ? ಸಿಟ್ಟಿನಲ್ಲೇ ಬಸ್ಸು ಹತ್ತಿದೆ.

ನಾನೇ ಪುಡಿ ಹಾಕಿದೆ, ಬಿಸಿ ನೀರಿಗೆ ತಿರುಗಿಸಿದೆ, ಗುಂಡಿ ಒತ್ತುವಷ್ಟರಲ್ಲಿ ಸೊಸೆ ಚಾಕ್ಕೆ ಕರೆದಳು. ಎರಡು ಗುಟುಕು ಕುಡಿದು ಬಂದರೆ ಮಿಷನ್ ಆಗಲೇ ತಿರುಗುತ್ತಿದೆ. ಗಾಜಿನ ಬಾಗಿಲಿನಾಚೆ ಎರಡು ಕಾಲೊರಸು, ನೆಲ ಒರೆಸುವ ಅರಿವೆ, ಮೀನು ತರುವ ಚೀಲ ಒಂದರ ಹಿಂದೆ ಒಂದು ಓಡುತ್ತಿವೆ. ಮನೆಯ ಅಜ್ಜಿ ಪಕ್ಕದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಾರೆ. ಸೊಸೆ ಬೆನ್ನು ತಿರುಗಿಸಿದಾಗೆಲ್ಲ ಇದೇ ನಡೆದಿತ್ತು.

"ಅಷ್ಟು ಬಿಸಿನೀರು, ಅಷ್ಟು ಪುಡಿ, ಸುಮ್ಮನೆ ಗಟಾರಕ್ಕೆ ಹೋಗಬೇಕಾ?" ಎಂದರು ಅಜ್ಜಿ. ನನಗೇ ಬುದ್ಧಿ ಹೇಳುವ ಧ್ವನಿ.

ಎಲ್ಲ ಹೊರಗೆ ತೆಗೆದು, ಮತ್ತೆ ಪುಡಿ ಹಾಕಿ, ಮಿಷನ್ ಬಾಗಿಲಿಗೆ ಬೆನ್ನು ಕೊಟ್ಟು ಪೊಲೀಸಿನವರ ಹಾಗೆ ನಿಂತೆ. ಅಜ್ಜಿ ಸ್ವಲ್ಪ ಹೊತ್ತು ಸುತ್ತಾಡಿ ಹತ್ತಿರ ಬಂದು, ಖಾಲಿಯಾ ಎಂದು ಕೇಳಿದರು. ಖಾಲಿ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಾಗಾದರೆ ಹೆಗಲ ಮೇಲಿನ ಆ ಟವೆಲಾದರೂ ಹಾಕು. ಗಲೀಜಾಗಿದೆ."

ಮೇಲಿನವರು

ಕುಮಟಾದ ಈ ಮನೆ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಕೆಳಗೆ ಮಾಲೀಕರು, ಗಂಡ ಹೆಂಡತಿ, ಕತಗಾಲದ ಕಡೆಯ ತೋಟದವರು. ಮೇಲೆ ಬಾಡಿಗೆಗೆ ಮೀನು ತಿನ್ನುವವರು ಇದ್ದರು. ಕೆಳಗಿನ ಮನೆಯವರ ಸೀರೆ, ಪಂಚೆ, ಹೊದಿಕೆ ಎಲ್ಲ ವಾಸನೆ ಬರತೊಡಗಿದಾಗ ಮೇಲಿನವರ ಒಣಮೀನು ಎಂದು ತೀರ್ಮಾನವಾಯಿತು. ಅವರಿಂದ ಮನೆ ಬಿಡಿಸಿದರು. ಮಕ್ಕಳ ಶಾಲೆಯ ನಡುವೆ ಅವರು ಗಂಟುಮೂಟೆ ಕಟ್ಟಿದರು.

"ಅವು ಹೋಗಿ ಎರಡು ತಿಂಗಳಾತು. ವಾಸನೆ ಮಾತ್ರ ಹೋಯ್ದಿಲ್ಲೆ" ಎಂದರು ಕೆಳಗಿನ ಮನೆಯ ಅಮ್ಮ. ಗೋಡೆಗೆ ಹಿಡಿದುಬಿಟ್ಟಿದೆಯೋ ಏನೋ ಎಂಬ ಸಂಶಯ ಅವರದು.

ನಾನೂ ಮೀನು ತಿನ್ನುವವಳೇ. ಒಣಮೀನಿನ ವಾಸನೆ ತಾನಾಗಿ ಮೆಟ್ಟಿಲಿಳಿದು ಬಂದು ನಿಮ್ಮ ಮಿಷನ್ ಬಾಗಿಲು ತೆಗೆದು ಒಳಗೆ ಕೂತಿತೇ ಎಂದು ಕೇಳಿದೆ. ಮಿಷನ್ನಿನ ಬುಡದಲ್ಲಿ ಕಸ ತಡೆಯುವ ಜಾಲರಿ ಒಂದಿರುತ್ತದೆ. ಕೊಂಡ ದಿನದಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ಹಳೆಯ ಪೇಪರ್ ಹಾಸಿ, ಅಮ್ಮನನ್ನು ಹತ್ತಿರ ಕರೆದು, ಅವರ ಕಣ್ಣೆದುರೇ ಬಿಚ್ಚಿದೆ. ಕಪ್ಪು ಲೋಳೆಯ ಜೊತೆ ಒಂದು ಬೊಗಸೆ ಕೊಳೆತ ಅಡಿಕೆ ಚೂರು, ತಂಬಾಕಿನ ಉಂಡೆ, ಸುಣ್ಣದ ಡಬ್ಬಿಯ ಮುಚ್ಚಳ. ಅಂಗಿಯ ಕಿಸೆಯಿಂದ ಒಂದೊಂದೇ ಜಾರಿ ಬಿದ್ದು ವರ್ಷಗಟ್ಟಲೆ ನೆನೆದವು.

ಡಾಕ್ಟರು ಹೆದರಿಸಿದ ಮೇಲೆ ಯಜಮಾನರು, ಮಿಷನ್ ಬರುವುದಕ್ಕೂ ಮೊದಲೇ, ಇಡಗುಂಜಿ ಗಣಪತಿಯ ಎದುರು ಆಣೆ ಮಾಡಿ ಎಲೆ-ಅಡಿಕೆಯ ಕವಳ ಬಿಟ್ಟಿದ್ದಾರಂತೆ. ಅಮ್ಮ ಪೇಪರಿನ ಮೇಲಿನ ರಾಶಿ ನೋಡಿದರು. ಗಂಡನನ್ನು ನೋಡಿದರು.

"ಇದು ಯಾರದ್ದು?"

ಯಜಮಾನರು ಮೇಲಿನ ಖಾಲಿ ಮನೆಯ ಕಡೆ ಕೈ ತೋರಿಸಿದರು. "ಮೇಲ್ನವ್ರದ್ದೇ ಆಗಿಕ್ಕು."

ಕಲ್ಲು

ಕಡೆಗೆ ಸಾವ್ಕಾರರ ಮನೆಯಿಂದಲೂ ಫೋನ್ ಬಂತು. ಮಾಡಿದವರು ಅವರಲ್ಲ, ಅವರ ಹೆಂಡತಿ. ಅಂಗಡಿಯ ಮೆಕ್ಯಾನಿಕ್‌ಗಳು ಒಬ್ಬರಾದ ಮೇಲೆ ಒಬ್ಬರು ಬಂದು ಬೆಲ್ಟು ಬದಲಿಸಿದರಂತೆ, ಮೋಟಾರು ಬದಲಿಸಿದರಂತೆ, ಕಡೆಗೆ ಮಿಷನ್ನನ್ನೇ ಬದಲಿಸಿದರಂತೆ. ಹೊಸದೂ ಗಬ್ಬು. ಈಗ ಅದರ ಎದುರು ದಿನಾ ಊದುಬತ್ತಿ ಹಚ್ಚಿಡುತ್ತಿದ್ದೇವೆ ಎಂದರು.

ಮುಂಬಾಗಿಲಿಂದ ಒಳಗೆ ಹೋದೆ. ಸಾವ್ಕಾರರು ಎಲ್ಲಿ ಎಂದರೆ ಅವರ ಹೆಂಡತಿ ಹಿತ್ತಲ ಕಡೆ ಕಣ್ಣು ಮಾಡಿದರು. ಅಲ್ಲಿ ಬಾವಿಕಟ್ಟೆಯ ಪಕ್ಕದಲ್ಲಿ, ಪಂಚೆ ಎತ್ತಿ ಕಟ್ಟಿ, ಮೊಣಕೈವರೆಗೆ ಸೋಪಿನ ನೊರೆಯಲ್ಲಿ, ಹೊನ್ನಾವರಕ್ಕೆಲ್ಲ ವಾಷಿಂಗ್ ಮಿಷನ್ ಮಾರಿದ ಮನುಷ್ಯ ತಮ್ಮ ಬನಿಯನ್ನನ್ನು ಕಲ್ಲಿನ ಮೇಲೆ ಕುಕ್ಕುತ್ತಿದ್ದರು. ಮನೆಯವರ್ಯಾರೂ ಅವರ ಬಟ್ಟೆ ಒಗೆದುಕೊಡಲು ಒಪ್ಪಿರಲಿಲ್ಲ. ಅವರಾಡಿದ್ದು ಅವರಿಗೆ ಮರೆತಿತ್ತು. ನನಗೆ ಒಂದಕ್ಷರವೂ ಮರೆತಿರಲಿಲ್ಲ. ಅವರು ಕುಕ್ಕಿ ಮುಗಿಸುವವರೆಗೆ ನಿಂತು ನೋಡಿದೆ.

"ನೀನ್ಯಾಕೆ ಬಂದೆ?" ಎಂದರು.

"ಎಂಥ ವಾಸನೆ, ಹೇಳಿ ಸಾವ್ಕಾರ್ರೆ."

"ಗಟಾರದ್ದು. ರಸ್ತೆಯ ಗಟಾರದ್ದು, ನಮ್ಮ ಮನೆಯದಲ್ಲ."

ಮಿಷನ್ ಎಳೆದು ಹಿಂದೆ ನೋಡಿದೆ. ಕೊಳೆನೀರು ಹೋಗುವ ಪೈಪನ್ನು ಪಾಯಖಾನೆಯ ಪೈಪಿನೊಳಗೆ ಒಂದು ತೋಳು ಉದ್ದ ತೂರಿಸಿ, ಸುತ್ತ ಸಿಮೆಂಟು ಮೆತ್ತಿದ್ದರು. ಗುಂಡಿಯ ಗಾಳಿಯೆಲ್ಲ ನೇರ ಡ್ರಮ್ಮಿಗೆ. ಇದನ್ನು ಜೋಡಿಸಿದವರು ಯಾರು ಎಂದು ಕೇಳಿದೆ. ಅವರ ಹೆಂಡತಿ ತಲೆಯೆತ್ತಿ ಮಾಡಿನ ಹೆಂಚು ನೋಡಿದರು.

"ನಾನೇ. ಇಷ್ಟು ಮಿಷನ್ ಮಾರಿದವನಿಗೆ ಒಂದು ಪೈಪು ಹಾಕಲು ಬರುವುದಿಲ್ಲವಾ?" ಎಂದರು ಸಾವ್ಕಾರರು.

ಚೀಲದಿಂದ ಪುಸ್ತಕ ತೆಗೆದೆ. ಅವರ ಅಂಗಡಿಯ ಕಸದಲ್ಲಿ ಸಿಕ್ಕಿದ್ದು, ಅಂಚು ಸವೆದು ಬಟ್ಟೆಯಂತಾಗಿದೆ. ಪುಟ ಬಿಡಿಸಿ ಅವರ ಮುಂದೆ ಹಿಡಿದು ಓದಿ ಎಂದೆ. ಕನ್ನಡಕ ಇಲ್ಲ ಎಂದರು. ಅವರ ಹೆಂಡತಿ ಓಡಿಹೋಗಿ ಕನ್ನಡಕ ತಂದರು. ಒದ್ದೆ ಕೈಯಲ್ಲೇ ಹಾಕಿಕೊಂಡು ಓದತೊಡಗಿದರು: ಪೈಪನ್ನು ಆಳಕ್ಕೆ ತೂರಿಸಬಾರದು, ಸುತ್ತ ಗಾಳಿಗೆ ಸಂದು ಬಿಡಬೇಕು, ಇಲ್ಲವಾದರೆ... ಅಲ್ಲಿಗೇ ಓದು ನಿಲ್ಲಿಸಿದರು. ಮುಂದಿನದನ್ನು ನಾನು ಪುಸ್ತಕ ನೋಡದೆ ಹೇಳಿದೆ: "ದುರ್ವಾಸನೆ ಹಿಂದಕ್ಕೆ ಬರುವುದು."

ಸಿಮೆಂಟು ಒಡೆದೆ, ಪೈಪು ಮೇಲಕ್ಕೆ ಎತ್ತಿ ಕಟ್ಟಿದೆ, ಡ್ರಮ್ ತೊಳೆದೆ. ಹೊರಡುವಾಗ ಸಾವ್ಕಾರರು ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದರು.

"ಆತಾ? ಇನ್ನು ಇದಕ್ಕೇ ಹಾಕಬಹುದಾ? ನೀವೇ ಹೇಳಿ."

"ಎರಡು ದಿನ ಬಿಡಬೇಕು" ಎಂದೆ. "ಅಲ್ಲಿಯವರೆಗೆ ಕಲ್ಲು ಇದೆಯಲ್ಲ, ಸಾವ್ಕಾರ್ರೆ."

ಎರಡು ದಿನ ಬಿಡಬೇಕೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಈಗ ನನ್ನದು ಎನ್ನಲು ಒಂದು ಸ್ಕೂಟರಿದೆ. ಬಸ್ ಸ್ಟ್ಯಾಂಡಿನ ಹಿಂದೆ ಶಟರ್ ಇರುವ ಒಂದು ಕೋಣೆ, ಅದರ ಮೇಲೆ ನಾನೇ ಬರೆದ ಬೋರ್ಡು, ಚೀಲದಲ್ಲಿ ಲೈಬ್ರರಿಯ ಕಾರ್ಡು ಇವೆ. ಇದಕ್ಕೆಲ್ಲ ನಾನು ಕೊಟ್ಟದ್ದು ನನ್ನ ಮೂಗು. ಕಲಿಸುವವರಿಲ್ಲದ ಮೊದಲ ವರ್ಷ, ಒಂದು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಬ್ಲೀಚಿಂಗ್ ಪುಡಿಗೆ ಆಸಿಡ್ ಸುರಿದು ಬಗ್ಗಿದೆ; ಎದ್ದ ಹೊಗೆ ಮೂಗಿನೊಳಗನ್ನು ಸುಟ್ಟಿತು. ಎರಡನ್ನೂ ಬೆರೆಸಬಾರದು ಎಂದು ಡಬ್ಬಿಯ ಮೇಲೆ ಇತ್ತಂತೆ, ಇಂಗ್ಲಿಷಿನಲ್ಲಿ. ಅಂದಿನಿಂದ ನನಗೆ ಭಟ್ಕಳ ಮಲ್ಲಿಗೆಯ ಘಮವೂ ಇಲ್ಲ, ಬಂಗಡೆ ಸಾರಿನದೂ ಇಲ್ಲ, ಯಾರ ಮನೆಯ ಗಬ್ಬೂ ಇಲ್ಲ. ಅದಕ್ಕೇ ಹೋದಲ್ಲೆಲ್ಲ ನಾನು ಮೊದಲು ಕೇಳುವುದು, ಎಂಥ ವಾಸನೆ, ಹೇಳಿ ಎಂದು.