ಜಿಂಕೆಯ ಪಾಲಿನ ಸೊಪ್ಪು

ಶನಿವಾರ ಬೆಳಗ್ಗೆ ಎದ್ದವಳೇ ಇಂದುಮತಿ ಡೈರಿಯಲ್ಲಿ ಬರೆದಳು: ‘ಔಷಧಿ ಹೊಡೆದಿಲ್ಲ. ಹೊಡೆದಿದ್ದೇನೆ ಅಂತ ಬರೆದುಕೊಟ್ಟಿದ್ದೇನೆ.’ ಯಾರಾದರೂ ಓದಿಯಾರೆಂದು ಡೈರಿಯನ್ನು ದಿಂಬಿನೊಳಗೆ ತುರುಕಿದಳು. ಅವಳ ಡೈರಿ ಓದುವಷ್ಟು ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಆ ಮಾತು ಬೇರೆ.

ಸಸ್ಯಶಾಸ್ತ್ರದಲ್ಲಿ ಎಂ.ಎಸ್. ಮುಗಿಸಿ, ಅಮೆರಿಕದ ಪ್ಲಿಮತ್‌ನಲ್ಲಿ ಅಕ್ಕ ಸರಳಾಳ ಮನೆಯಲ್ಲಿದ್ದುಕೊಂಡು, ಅವಳು ಹಾರ್ಲನ್ ಎಂಬಾತನ ಬೇಟೆ ಕ್ಲಬ್ಬಿಗೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕಾಡಿನಂಚಿನಲ್ಲಿ, ಮೈಸೂರಿನ ಎರಡು ಸೈಟಿನಷ್ಟು ನೆಲದಲ್ಲಿ, ಜಿಂಕೆಗಳಿಗೆ ಕ್ಲೋವರ್ ಮೇವು ಬೆಳೆಸಬೇಕು. ನೆಲವನ್ನು ಉಳುವಂತಿಲ್ಲ. ಉತ್ತರೆ ಒಳಗೆ ಮಲಗಿದ ಕಳೆಬೀಜಗಳೆಲ್ಲ ಎದ್ದು ಕೂರುತ್ತವೆ, ಉಳದೆ ಬಿಟ್ಟು ಮೇಲಿನ ಕಳೆಗೆ ಮಾತ್ರ ಔಷಧಿ ಹೊಡೆಯಬೇಕು ಎನ್ನುವುದು ಹಾರ್ಲನ್‌ನ ಹೊಸ ಹುಚ್ಚು.

ಬೆನ್ನಿಗೆ ಕಟ್ಟಿಕೊಳ್ಳುವ ಪಂಪನ್ನು ಅವನು ಒಮ್ಮೆ ವಿವರಿಸಿ, “ಗೊತ್ತಾಯಿತೆ?” ಎಂದಿದ್ದ. ಇಂದುಮತಿ ತಲೆಯನ್ನು ಹೌದು-ಅಲ್ಲಗಳ ನಡುವೆ ಎಲ್ಲೋ ಆಡಿಸಿದಳು. ಅವನು ಹೌದೆಂದುಕೊಂಡು ಹೋದ. ಮತ್ತೆ ಕೇಳಲು ನಾಚಿಕೆ. ನಾಚಿಕೆ ಮುಗಿಯುವಷ್ಟರಲ್ಲಿ ಹದಿನೈದು ದಿನ ಆಗಿತ್ತು, ಕಳೆ ಮೊಣಕಾಲಿಗೆ ಬಂದಿತ್ತು. ಹೊಲದ ಪುಸ್ತಕದಲ್ಲಿ ಅವಳು ‘ಔಷಧಿ ಹೊಡೆಯಲಾಯಿತು’ ಎಂದು ಬರೆದಳು. ಯಾರು ಹೊಡೆದರೆಂದು ಬರೆಯದಿದ್ದರೆ ಸುಳ್ಳು ಪೂರ್ತಿ ತನ್ನದಲ್ಲ ಎಂಬ ಸಮಾಧಾನ.

ಇವತ್ತು ಹನ್ನೆರಡಕ್ಕೆ ಹಾರ್ಲನ್ ಹೊಲ ನೋಡಲು ಬರುತ್ತಾನೆ. ಮೆಚ್ಚಿದರೆ ಕೆಲಸ ಖಾಯಂ ಎಂಬ ಪತ್ರ ಕೊಡುತ್ತಾನೆ. ಪತ್ರ ಇಲ್ಲದಿದ್ದರೆ ಆಗಸ್ಟಿನಲ್ಲಿ ವೀಸಾ ಮುಗಿದು, ಸೂಟ್‌ಕೇಸು ಸಮೇತ ಮೈಸೂರು.

ಅವನು ಬರುವ ಮೊದಲೇ ಹೋಗಿ ಕೈಲಾದಷ್ಟು ಕಿತ್ತರಾಯಿತೆಂದು ಅವಳು ಅಕ್ಕನನ್ನು ಡ್ರಾಪ್ ಕೇಳಿದಳು. ಕಾರಿನ ಬಾಗಿಲ ಸದ್ದಿಗೆ ಪಕ್ಕದ ಮನೆಯ ಗಂಗವ್ವ ಹಾಜರು. ಡಾಕ್ಟರ್ ಮಗನ ಮನೆಗೆ ಗದಗಿನಿಂದ ಬಂದಿದ್ದ ಆಕೆ, ಯಾರ ಕಾರು ಎಲ್ಲಿಗೆ ಹೊರಟರೂ ಹಿಂದಿನ ಸೀಟಿನಲ್ಲಿ ಇರುತ್ತಿದ್ದರು.

“ಜಿಂಕಿಗೆ ಮೇವು ಹಾಕಿ ಸಾಕಿ, ಆಮ್ಯಾಲೆ ಅವರೇ ಗುಂಡು ಹೊಡೀತಾರಂತ?” ದಾರಿಯಲ್ಲಿ ಗಂಗವ್ವ ಕೇಳಿದರು. “ನಮ್ಮ ಬೀಗರು ನಮ್ಮನ್ನ ಊಟಕ್ಕ ಕರದಂಗ ಆತು.”

ಹೊಲದ ಹತ್ತಿರ ಇಳಿದದ್ದೇ ಮುದುಕಿ ಮಾತು ನಿಲ್ಲಿಸಿದರು. ಬಗ್ಗಿ ಒಂದು ಎಲೆ ಚಿವುಟಿ ಮೂಸಿದರು.

“ಸರಳಾ, ಇದು ರಾಜಗಿರಿ ಅಲ್ಲೇನ?”

“ಅಯ್ಯೋ, ದಂಟಿನ ಸೊಪ್ಪು ಕಣೇ ಇಂದು. ಅಲ್ಲಿ ನೋಡು, ಚಕ್ಕೋತ ಸೊಪ್ಪು. ಕಾಲಡೀಲಿ ಗೋಣಿಸೊಪ್ಪು. ಮೂರು ವರ್ಷದಿಂದ ಡಬ್ಬಿ ಪಾಲಕ್ ತಿಂದು ಸಾಯ್ತಿದೀನಿ, ನೀನು ಒಂದು ದಿನಾನಾದ್ರೂ ಬಾಯಿಬಿಟ್ಟಿದ್ಯಾ?”

“ಅದು ಕಳೆ ಅಕ್ಕ.”

“ಕಳೆಯಂತೆ. ಎಂ.ಎಸ್. ಮಾಡಿದ್ದಕ್ಕೆ ಸಾರ್ಥಕ.”

ಸರಳಾ ಕಾರಿನಿಂದ ಹಳೆಯ ಬೆಡ್‌ಶೀಟ್ ತಂದು ಹಾಸಿದಳು. ಗಂಗವ್ವ ಸೆರಗು ಸಿಕ್ಕಿಸಿ ಸಾಲು ಹಿಡಿದರು. ಸೊಪ್ಪಿನ ಜೊತೆ ಹುಲ್ಲೂ ಬೇರುಸಹಿತ ಎದ್ದು ಬಂತು, “ಕಸ ಕಂಡ್ರ ಕೈ ಸುಮ್ಮನಿರಂಗಿಲ್ಲವಾ.” ಹನ್ನೊಂದೂವರೆಗೆ ಹೊಲ ಕ್ಷೌರ ಮಾಡಿದ ಕೆನ್ನೆಯ ಹಾಗಿತ್ತು, ಕ್ಲೋವರ್ ಬಿಟ್ಟು ಬೇರೇನೂ ಇರಲಿಲ್ಲ. ಇಬ್ಬರೂ ಗಂಟು ಕಟ್ಟಿಕೊಂಡು ಅಡಿಗೆಗೆ ಹೊತ್ತಾಯಿತೆಂದು ಹೊರಟುಹೋದರು. ದೇವರು ಕೆಲವೊಮ್ಮೆ ಅಕ್ಕನ ಸ್ಟೇಷನ್ ವ್ಯಾಗನ್ನಿನಲ್ಲಿ ಬರುತ್ತಾನೆ ಎಂದುಕೊಂಡಳು ಇಂದುಮತಿ.

ಹಾರ್ಲನ್ ಬಂದ, ಟೋಪಿ ತೆಗೆದ. “ಒಣಗಿದ ಕಡ್ಡಿ ಕೂಡ ಉಳಿದಿಲ್ಲ. ಈ ಔಷಧಿ ಇಷ್ಟು ಘೋರ ಅಂತ ಗೊತ್ತಿರಲಿಲ್ಲ.”

ಇಂದುಮತಿ ಮತ್ತೆ ತಲೆ ಆಡಿಸಿದಳು.

ಅವನು ಬಾನೆಟ್ಟಿನ ಮೇಲಿಟ್ಟು ಪತ್ರಕ್ಕೆ ಸಹಿ ಹಾಕಿದ. ಅವಳಿಗೆ ಮನೆಗೆ ಹೋಗಲು ಕಾರಿಲ್ಲವೆಂದು ತಾನೇ ಬಿಡಲು ಬಂದ. ಊಟದ ಹೊತ್ತಿಗೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದು ಸರಳಾಗೆ ಗೊತ್ತಿಲ್ಲ. ತಂಗಿಗೆ ಕೆಲಸ ಕೊಟ್ಟವನನ್ನಂತೂ ತೋಳು ಹಿಡಿದೇ ಕೂರಿಸಿದಳು. ಗಂಗವ್ವ ಆಗಲೇ ತಟ್ಟೆಯ ಮುಂದೆ ಕೂತಿದ್ದರು. ಭಾವ ಶೇಷಾದ್ರಿ ನೀರಿಟ್ಟರು. ಪತ್ರ ಉಪ್ಪಿನಕಾಯಿ ಬಾಟಲಿಯ ಪಕ್ಕ ಕೂತಿತು.

ಹಾರ್ಲನ್ ಸೊಪ್ಪಿನ ಹುಳಿಯನ್ನು ಎರಡು ಸಲ ಹಾಕಿಸಿಕೊಂಡ. “ಅದ್ಭುತ. ಈ ಸೊಪ್ಪು ಯಾವ ಅಂಗಡಿಯಲ್ಲಿ ಸಿಗುತ್ತದೆ?”

ಇಂದುಮತಿ ಅಕ್ಕನ ಕಾಲು ತುಳಿದಳು. ತುಳಿದದ್ದು ಭಾವನ ಕಾಲು.

“ಅಂಗಡಿ ಯಾಕೆ?” ಎಂದಳು ಸರಳಾ ಹೆಮ್ಮೆಯಿಂದ. “ನಿಮ್ಮ ಹೊಲದ್ದೇ. ಬೆಳಗ್ಗೆ ನಾವೇ ಕಿತ್ತಿದ್ದು, ಫ್ರೆಶ್.”

ಹಾರ್ಲನ್‌ನ ಮುಖ ಮೊಸರಿನ ಬಣ್ಣಕ್ಕೆ ತಿರುಗಿತು. “ಅದಕ್ಕೆ ವಿಷ ಹೊಡೆದಿದೆ. ತಪ್ಪು ನನ್ನದು, ಬೋರ್ಡು ಹಾಕಬೇಕಿತ್ತು,” ಎಂದವನೇ ಫೋನಿಗೆ ಓಡಿದ. ಆಂಬ್ಯುಲೆನ್ಸು, ಐದು ಹೊಟ್ಟೆ, ಎಲ್ಲ ತೊಳೆಯಬೇಕು ಎಂದು ಒದರುತ್ತ ಡೈರೆಕ್ಟರಿಯ ಪುಟ ತಿರುವತೊಡಗಿದ. ಸರಳಾ ಸಿಂಕಿಗೆ ಬಗ್ಗಿದಳು. ಭಾವ ಉಪ್ಪುನೀರು ಕಲಸಿದರು.

“ನನ್ನ ಮಗಗ ಹೇಳಬ್ಯಾಡ್ರಿ, ಬೈತಾನ,” ಎಂದು ಗಂಗವ್ವ ಗಂಟಲಿಗೆ ಬೆರಳು ಹಾಕಿಕೊಂಡರು.

ಅಯ್ಯೋ, ಹೊಟ್ಟೆ ತೊಳೆದರೆ ಯಾರೂ ಸಾಯುವುದಿಲ್ಲವಲ್ಲ, ಎಂದಿತು ಇಂದುಮತಿಯ ಮನಸ್ಸು. ಅವನು ತಪ್ಪು ತನ್ನದೇ ಅನ್ನುತ್ತಿದ್ದಾನೆ. ಪತ್ರ ಇಲ್ಲೇ ಇದೆ. ಆದರೆ ಎಪ್ಪತ್ತು ವರ್ಷದ ಮುದುಕಿಯ ಗಂಟಲಿಗೆ ರಬ್ಬರ್ ಕೊಳವೆ?

“ಅಕ್ಕಾ, ನಾನು ಹೊಡೆದೇ ಇಲ್ಲ,” ಎಂದಳು, ತುಟಿಯಲ್ಲೇ.

ಸರಳಾ ಸಿಂಕಿನಿಂದ ತಲೆ ಎತ್ತಿದಳು. ಗಂಗವ್ವ ಬೆರಳು ತೆಗೆದು, “ಮದ್ಲ ಹೇಳಬೇಕಿಲ್ಲೇನವಾ,” ಎಂದು ತಟ್ಟೆ ಎಳೆದುಕೊಂಡರು. ಭಾವ ಉಪ್ಪುನೀರು ಚೆಲ್ಲಿ ಇನ್ನೊಂದು ಸೌಟು ಹುಳಿ ಬಡಿಸಿಕೊಂಡರು.

ಕನ್ನಡ ಬಾರದ ಹಾರ್ಲನ್ ಮಾತ್ರ ಬೆವರುತ್ತ ನಂಬರು ತಿರುಗಿಸುತ್ತಲೇ ಇದ್ದ. ಒಂದು ನಿಜವನ್ನು ಒಂದು ಸಲ ಹೇಳುವುದಕ್ಕೇ ಅವಳಿಗೆ ಇಪ್ಪತ್ತನಾಲ್ಕು ವರ್ಷ ಹಿಡಿದಿತ್ತು. ಈಗ ಇನ್ನೊಂದು ಸಲ, ಅದೂ ಇಂಗ್ಲಿಷಿನಲ್ಲಿ.

ಇಂದುಮತಿ ಎದ್ದು ಹೋಗಿ ಫೋನಿನ ಗುಂಡಿ ಅದುಮಿ ಹಿಡಿದಳು.

“ಸರ್,” ಎಂದಳು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ, “ನನಗೆ ಆ ಪಂಪು ಹೊಡೆಯೋಕೆ ಬರಲ್ಲ.”