ಕರಿಗಂಬಳಿಗೆ ಬೀಗರಿಲ್ಲ

ಪಂಪ್‌ಸೆಟ್ ಕೇಬಲ್ ಕಳ್ಳತನ ತಡೆ ಸಮಿತಿಯು ಪ್ರಕಟಿಸಿದ ಚಿತ್ರಕಥೆಯ ಫಲವಾಗಿ ನಮ್ಮ ಐದು ತಾಲ್ಲೂಕುಗಳಲ್ಲಿ ಕೇಬಲ್ ಕಳ್ಳತನವು ಸಂಪೂರ್ಣವಾಗಿ ನಿಂತಿದೆ. ಸಮಿತಿಯ ಕಾರ್ಯದರ್ಶಿಯಾಗಿ ಇದನ್ನು ತಿಳಿಸಲು ನನಗೆ ಹೆಮ್ಮೆಯಿದೆ. ಹೊಟ್ಟೆಕಿಚ್ಚಿನ ಮಂದಿ ಏನೇನೋ ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ, ಅವರ ಹೊಲದಲ್ಲೂ ಈಗ ಮೋಟರು ಓಡುತ್ತಿದೆ.

ಚಿತ್ರ ಬರೆದವಳು ತಂಬ್ರಹಳ್ಳಿಯ ಡ್ರಾಯಿಂಗ್ ಟೀಚರ್ ಶೃತಿ. ಅವಳ ತಾಯಿ ಕೊಟ್ರಬಸಮ್ಮನ ಬೋರ್‌ವೆಲ್ ಕೇಬಲನ್ನು ಯಾರೋ ಮೇಲಿಂದ ಮೇಲೆ ಕತ್ತರಿಸಿಕೊಂಡು ಹೋಗುತ್ತಿದ್ದರು. ಕೊಟ್ರಬಸಮ್ಮ ಕುರಿಗಳಿಗೆ ಹಚ್ಚುವ ನೀಲಿ ಬಣ್ಣವನ್ನೇ ಕೇಬಲ್ಲಿಗೂ ಹಚ್ಚಿ ಗುರುತು ಮಾಡಿದ್ದಳು. ಕಳ್ಳರು ಗುರುತಿನ ಸಮೇತ ಒಯ್ದರು. ಉಳ್ಳಾಗಡ್ಡಿ ಗಡ್ಡೆ ಕಟ್ಟುವ ಹೊತ್ತು. ಇನ್ನೊಂದು ಸಲ ಕೇಬಲ್ ಹೋದರೆ ಬೆಳೆಯೂ ಹೋದಂತೆಯೇ.

ಆ ಸಿಟ್ಟಿನಲ್ಲಿ ಶೃತಿ ಒಬ್ಬ ವೀರನನ್ನು ಬರೆದಳು, ಪತ್ತೇದಾರ ಕರಿಗಂಬಳಿ. ತಲೆಗೆ ಕಂಬಳಿಯ ಕೊಪ್ಪಿ, ಕಾಣುವುದು ಎರಡು ಕಣ್ಣು ಮಾತ್ರ. ಬದುವಿನ ಮರೆಯಲ್ಲಿ ಕೂತು, ಕೇಬಲ್ ಕತ್ತರಿಸಲು ಬಂದ ದುಷ್ಟರನ್ನು ಕುರಿ ಕಾಯುವ ಕೋಲಿನಿಂದ ಕೆಡವುತ್ತಾನೆ. ನೋಡಿ ನನಗೂ ಮೈ ಜುಮ್ಮೆಂದಿತ್ತು. ಅದು ಸಭೆಗೆ ಮುಂಚೆ.

ಸಭೆ ಕೊಟ್ಟೂರಿನಲ್ಲಿ ಸೇರಿತು. ಅಧ್ಯಕ್ಷ ವೀರಭದ್ರಯ್ಯನವರು ಮೊದಲ ಪುಟ ತಿರುವಿ ಚಿತ್ರವನ್ನು ಕಣ್ಣ ಹತ್ತಿರ ಹಿಡಿದರು. ಖಳನಾಯಕನಿಗೆ ಬಿಳಿ ಪಂಚೆ, ದಪ್ಪ ಮೀಸೆ. ಅಧ್ಯಕ್ಷರಿಗೂ ಅವೇ.

"ಏನವ್ವಾ, ಇವ ಯಾರಂಗ ಅದಾನ?"

"ಯಾರಂಗೂ ಇಲ್ರಿ. ಕಳ್ಳನಂಗ ಅದಾನ."

"ನನಗ ಹಂಗ ಕಾಣವಲ್ದು. ಮೀಸಿ ತಗಿ."

ಮೀಸೆ ತೆಗೆದರೆ ಹೊಟ್ಟೆ ಉಳಿಯಿತು, ಹೊಟ್ಟೆ ತೆಗೆದರೆ ಉಂಗುರ ಉಳಿಯಿತು. ಕೊನೆಗೆ ಮನುಷ್ಯನನ್ನೇ ತೆಗೆದು, ಲೈನ್‌ಮನ್ ಒಬ್ಬನನ್ನು ಖಳನಾಯಕ ಮಾಡಿದೆವು. ಲೈನ್‌ಮನ್‌ಗಳ ಪ್ರತಿನಿಧಿ ಯರ್ರೆಪ್ಪ ತಲೆ ಎತ್ತದೆ ಹೇಳಿದ: "ಆಗ್ಲಿ ಬಿಡ್ರಿ. ಆದ್ರ ನಾಳಿಂದ ನಮ್ಮ ಹುಡುಗ್ರು ಕಂಬ ಹತ್ತಾಂಗಿಲ್ಲ." ಸಭೆಯ ಫ್ಯಾನು ತಿರುಗುತ್ತಿದ್ದುದರಿಂದ ಲೈನ್‌ಮನ್‌ನನ್ನು ಕೈಬಿಡಲಾಯಿತು.

ಹಾಗಾದರೆ ಕದ್ದ ತಾಮ್ರ ಕೊಳ್ಳುವವನೇ ಖಳನಾಗಲಿ ಎಂದಳು ಶೃತಿ. ಗುಜರಿ ಅಂಗಡಿಯ ಗಂಗಾಧರ್ ನಮ್ಮ ಸದಸ್ಯರು, ಪುಸ್ತಕದ ಮುದ್ರಣದ ಖರ್ಚು ಅವರದೇ.

"ನೋಡವ್ವಾ, ಸಮಿತಿ ಯಾರನ್ನ ಕಳ್ಳ ಅಂತ ಬರದು ಕೊಡ್ತೈತೋ ಅವರ ಮಾಲು ನಾ ಮುಟ್ಟಾಂಗಿಲ್ಲ. ಅಂಗಡಿ ಮುಂದ ಬೋರ್ಡ್ ಹಾಕೀನಿ," ಎಂದರು. ಸಮಿತಿ ಈವರೆಗೆ ಯಾರನ್ನೂ ಕಳ್ಳ ಎಂದು ಬರೆದುಕೊಟ್ಟಿರಲಿಲ್ಲವಾದ್ದರಿಂದ ಅವರ ವ್ಯಾಪಾರವೆಲ್ಲ ಶುದ್ಧವಾಗಿತ್ತು. ಚಪ್ಪಾಳೆ ತಟ್ಟಿದೆವು.

ಕಳ್ಳ ಬೇರೆ ಊರಿನವನಿರಲಿ ಎಂದರೆ, ಹರಪನಹಳ್ಳಿಗೆ ಅಧ್ಯಕ್ಷರು ಮಗಳನ್ನು ಕೊಟ್ಟಿದ್ದಾರೆ. ಹಡಗಲಿಯಿಂದ ಯರ್ರೆಪ್ಪ ಸೊಸೆ ತಂದಿದ್ದಾನೆ. ಕೂಡ್ಲಿಗಿ ಕಡೆಯ ಹೊಸಹಳ್ಳಿಯಲ್ಲಿ ಗಂಗಾಧರ್ ಅವರ ಬೀಗರು, ಹಗರಿಬೊಮ್ಮನಹಳ್ಳಿಯಲ್ಲಿ ನನ್ನವರು. ಕೊಟ್ಟೂರಿನವನು ಎನ್ನೋಣವೆಂದರೆ ಆ ಊರಿನ ಚಹಾ ನಮ್ಮ ಕೈಯಲ್ಲೇ ಇತ್ತು. ಆದ್ದರಿಂದ, "ಸದಸ್ಯರ ಬೀಗರಿರುವ ಊರಿನವರು ಖಳನಾಯಕರಾಗತಕ್ಕದ್ದಲ್ಲ" ಎಂಬ ನಿಯಮ ರಚಿಸಲಾಯಿತು. ವಾಕ್ಯ ನನ್ನದು.

ಈಗ ಚಿತ್ರಕಥೆಯಲ್ಲಿ ಕೇಬಲ್ ತನ್ನಷ್ಟಕ್ಕೆ ತಾನೇ ಕಡಿದುಹೋಗುತ್ತಿತ್ತು. ಹೊಲದಲ್ಲಿ ಉಳಿದವನು ಕರಿಗಂಬಳಿ ಒಬ್ಬನೇ.

"ಅಲ್ರಿ," ಎಂದರು ಗಂಗಾಧರ್, "ಹೊತ್ತಲ್ಲದ ಹೊತ್ತಿನಾಗ ಮಂದಿ ಹೊಲದಾಗ ಮಾರಿ ಮುಚ್ಕೊಂಡು ಕುಂತಾನಲ್ಲ, ಇವ ಯಾವೂರಾವ?"

"ಅವ ಹೀರೋ ರಿ," ಎಂದಳು ಶೃತಿ.

"ಬೀಗರು ಅದಾರೇನು?"

"ಇಲ್ರಿ."

ಸಭೆ ನಿಟ್ಟುಸಿರು ಬಿಟ್ಟಿತು. ಯಾರ ಆಕ್ಷೇಪಣೆಯೂ ಇಲ್ಲದ ಖಳನಾಯಕ ಕಡೆಗೂ ಸಿಕ್ಕಿದ್ದ.

ಶೃತಿಯ ಕಣ್ಣಲ್ಲಿ ನೀರು ಬಂತು. "ನಮ್ಮವ್ವನ ಹೊಲ ಕಾಯ್ಲಿ ಅಂತ ಬರದೀನ್ರಿ ಅವನ್ನ."

"ಹೊಲ ಕಾಯಾಕ ಸಮಿತಿ ಐತಲ್ಲವ್ವಾ," ಎಂದರು ಅಧ್ಯಕ್ಷರು.

ಕಂಬಳಿಯ ಪರವಾಗಿ ಮಾತಾಡಬೇಕಿದ್ದವಳು ಕುರಿಗಾರರ ಕಡೆಯಿಂದ ಸಭೆಗೆ ಕರೆದಿದ್ದ ಕೊಟ್ರಬಸಮ್ಮ. ಬಂದರೆ ಕೇಬಲ್ ಹೋಗುತ್ತದೆಂದು ಅವಳು ಹೊಲ ಬಿಟ್ಟಿರಲಿಲ್ಲ. ಗೈರುಹಾಜರಿಯನ್ನು ಒಪ್ಪಿಗೆ ಎಂದು ಬರೆದುಕೊಂಡೆವು. ಕರಿಗಂಬಳಿಯ ಚಿತ್ರ ತಿದ್ದಲು ಶೃತಿ ಒಪ್ಪಲಿಲ್ಲ, ತಿದ್ದುವ ಅಗತ್ಯವೂ ಬೀಳಲಿಲ್ಲ. ಪುಸ್ತಕದ ಕೊನೆಗೆ ನಾನೇ ಹೀಗೆ ಸೇರಿಸಿದೆ:

"ಪ್ರಕಟಣೆ: ಕಂಬಳಿ ಕೊಪ್ಪಿ ಹಾಕಿ ಹೊಲದಲ್ಲಿ ಕೂತವರನ್ನು ಸಾರ್ವಜನಿಕರು ಹಿಡಿದು ಸಮಿತಿಗೆ ಒಪ್ಪಿಸತಕ್ಕದ್ದು. ಕಂಬಳಿಯಿಲ್ಲದೆ, ಕತ್ತರಿಯೊಂದಿಗೆ ಬಂದವರಿಗೆ ಇದು ಅನ್ವಯಿಸುವುದಿಲ್ಲ."

ಪುಸ್ತಕ ಹಂಚಿದ ವಾರದಲ್ಲೇ ಫಲ ಸಿಕ್ಕಿತು. ಜಿಟಿಜಿಟಿ ಮಳೆಯ ಒಂದು ಮುಂಜಾನೆ ನಮ್ಮ ಸ್ವಯಂಸೇವಕರು ಕಂಬಳಿ ಹೊದ್ದ ವ್ಯಕ್ತಿಯೊಬ್ಬರನ್ನು ಬೋರ್‌ವೆಲ್ ಪಕ್ಕದಲ್ಲೇ ಹಿಡಿದು ತಂದರು. ಕೊಪ್ಪಿ ಸರಿಸಿದರೆ ಕೊಟ್ರಬಸಮ್ಮ.

"ನನ್ನ ಹೊಲದಾಗ ನಾ ಕುಂತಿದ್ನೆಪ್ಪಾ."

"ಪುಸ್ತಕದಾಗೂ ಹಂಗೇ ಕುಂತೈತಿ ನೋಡಬೇ," ಎಂದು ಯರ್ರೆಪ್ಪ ಪುಟ ತೆಗೆದು ತೋರಿಸಿದ.

ವಿಚಾರಣೆ ಸಂಜೆಯವರೆಗೆ ನಡೆಯಿತು. ಅಷ್ಟರಲ್ಲಿ, ಕಾಯುವವರಿಲ್ಲದ ಅವಳ ಹೊಲದಿಂದ ಕೇಬಲ್ ಹೋಯಿತು. ಗಂಗಾಧರ್ ಅವರದು ಮೃದು ಹೃದಯ. ಮರುದಿನವೇ ತಮ್ಮ ಅಂಗಡಿಯಿಂದ ಹಳೆಯ ಕೇಬಲೊಂದನ್ನು ರಿಯಾಯಿತಿಯಲ್ಲಿ ಕೊಡಲು ಮುಂದೆ ಬಂದರು. ಕೊಟ್ರಬಸಮ್ಮ ಸುರುಳಿ ಬಿಚ್ಚಿ ನೋಡಿದಳು.

"ಇದ್ರ ಮ್ಯಾಲ ನನ್ನ ನೀಲಿ ಬಣ್ಣ ಐತಲ್ರಿ."

"ಅದ್ಕ ನಿಮಗ ಕೊಡಾಕತ್ತೀನಿ. ನಿಮ್ಮ ಗುರ್ತಿನ ಮಾಲು ಬ್ಯಾರೇದವ್ರಿಗೆ ಮಾರಿದ್ರ ನ್ಯಾಯ ಆಗ್ತೈತೇನು?"

ಅವಳು ಅಂಗಡಿಯ ಬೋರ್ಡನ್ನು ಇಡಿಯಾಗಿ ಓದಿದಳಂತೆ. ಆಮೇಲೆ ಕೇಬಲ್ ಹೆಗಲಿಗೆ ಹಾಕಿಕೊಂಡು ಸೀದಾ ನನ್ನ ಹತ್ತಿರ ಬಂದಳು.

"ನಾ ಕಳ್ಳಿ ಅಂತ ಬರದು, ಸಮಿತಿ ಸಿಕ್ಕಾ ಹಾಕಿ ಕೊಡ್ರಿ."

"ಹಂಗಂದ್ರ ನಿಮ್ಮ ಮರ್ಯಾದಿ?"

"ಮರ್ಯಾದಿಗೆ ಉಳ್ಳಾಗಡ್ಡಿ ಬೆಳೀತಾವೇನ್ರಿ? ಕಳ್ಳರ ಮಾಲು ಅವ್ರು ಮುಟ್ಟಾಂಗಿಲ್ಲ ಅಂದಾರಲ್ಲ. ನೀಲಿ ಬಣ್ಣದ ಮಾಲು ಕಳ್ಳಿ ಕೊಟ್ರಬಸಮ್ಮಂದು ಅಂತ ಎದ್ದು ಕಾಣಂಗ ಬರೀರಿ."

ಬರೆದುಕೊಟ್ಟೆ. ಎರಡನೆಯ ಮುದ್ರಣದಲ್ಲಿ ಕರಿಗಂಬಳಿಯ ಮುಸುಕು ತೆಗೆದು ಮುಖ ತೋರಿಸಲಾಯಿತು. ಈ ಸಲ ಶೃತಿ ತಕರಾರು ಮಾಡದೆ ಬರೆದುಕೊಟ್ಟಳು. "ಮೂಗು ಒಂದೀಟು ಸಣ್ಣದು ಮಾಡಬೇಕಿತ್ತವ್ವಾ," ಎಂದಳಂತೆ ತಾಯಿ. ಅಂದಿನಿಂದ ಆ ಹೊಲದ ಕೇಬಲನ್ನು ಯಾರೂ ಮುಟ್ಟಿಲ್ಲ. ಮಾರಲಾಗದ ತಾಮ್ರಕ್ಕೆ ಕೆಸರಿನಲ್ಲಿ ಯಾರು ಇಳಿಯುತ್ತಾರೆ? ಉಳ್ಳಾಗಡ್ಡಿ ಮುಷ್ಟಿ ಗಾತ್ರ ಬಂದಿದೆ.

ಸುದ್ದಿ ಹಬ್ಬಿ ಉಚ್ಚಂಗಿದುರ್ಗದವರೆಗಿನ ರೈತರು ತಮ್ಮನ್ನೂ ಕಳ್ಳರೆಂದು ಘೋಷಿಸಬೇಕೆಂದು ಸಮಿತಿಯ ಮುಂದೆ ಸಾಲು ನಿಂತರು. ಬಣ್ಣದ ಡಬ್ಬಿಯನ್ನು ತಾವೇ ತಂದಿದ್ದರು. ಯಾರನ್ನೂ ನಿರಾಶೆಗೊಳಿಸಲಿಲ್ಲ. ಗಂಗಾಧರ್ ಅವರು ಮಾತ್ರ ಅಂಗಡಿಗೆ ಮಾಲೇ ಬರುತ್ತಿಲ್ಲವೆಂದು ಬೇಸರದಲ್ಲಿದ್ದಾರೆ. ಆದರೂ ಬೋರ್ಡ್ ತೆಗೆದಿಲ್ಲ, ಮಾತಿಗೆ ತಪ್ಪದ ಮನುಷ್ಯ.

ಸದ್ಯ ಐದು ತಾಲ್ಲೂಕುಗಳಲ್ಲಿ ಕಳ್ಳರಲ್ಲದವರು ಸಮಿತಿಯ ಸದಸ್ಯರು ಮಾತ್ರ.